ಇಂಗ್ಲೆಂಡಿನಲ್ಲಿ ದಮ್ಮಿನ ತಪಾಸಣೆ: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಬಂದವರಿಗೆ

ಊರಲ್ಲಿ ದಮ್ಮು ಹತ್ತಿದೆ ಎಂದು ಹೋದರೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಅವತ್ತೇ ಪಂಪ್ (ಇನ್ಹೇಲರ್) ಬರೆದುಕೊಡುವುದುಂಟು. ಇಂಗ್ಲೆಂಡಿನಲ್ಲಿ ದಮ್ಮು, ಅಂದರೆ ಆಸ್ತಮಾ, ಖಚಿತವಾಗಬೇಕಾದರೆ ಲಕ್ಷಣದ ಜೊತೆ ಪರೀಕ್ಷೆಯ ಅಂಕಿಯೂ ಬೇಕು. ತಡವಾದರೆ ಅಸಡ್ಡೆ ಎಂದುಕೊಳ್ಳಬೇಡಿ.

ನೇರವಾಗಿ ಶ್ವಾಸಕೋಶ ತಜ್ಞರ ಹತ್ತಿರ ಹೋಗಲಾಗದು. ಮೊದಲು ಮನೆ ಹತ್ತಿರದ ಜಿಪಿ, ಅಂದರೆ ಕುಟುಂಬ ವೈದ್ಯರು. ಕಾಯಿಲೆ ಬೀಳುವ ಮುಂಚೆಯೇ ಹೆಸರು ನೋಂದಾಯಿಸಿ. ಊರಿಂದ ಬಂದ ಅತ್ತೆ-ಮಾವನಿಗೆ ಇಂಗ್ಲಿಷ್ ಬಾರದಿದ್ದರೆ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿಯನ್ನು ಕೇಳಿ. ಅದಕ್ಕೆ ದುಡ್ಡಿಲ್ಲ.

ಡಾಕ್ಟರು 'ವೀಝ್' ಇದೆಯೇ ಎನ್ನುತ್ತಾರೆ. ಗಂಟಲಲ್ಲಿ ಕಫ ಗೊರಗೊರ ಅನ್ನುವುದಲ್ಲ, ಉಸಿರು ಬಿಡುವಾಗ ಎದೆಯೊಳಗಿಂದ ಬರುವ ಸಿಳ್ಳೆಯಂಥ ಸದ್ದು ಅದು. ಕೆಮ್ಮು ನಸುಕಿನಲ್ಲಿ ಏಳಿಸುತ್ತದೆಯೇ, ಚಳಿಗಾಳಿಗೆ ಹೆಚ್ಚುತ್ತದೆಯೇ, ರಜೆಯ ದಿನ ಇಳಿಯುತ್ತದೆಯೇ, ಬರೆದಿಟ್ಟುಕೊಂಡು ಹೋಗಿ. ಸಂಡೂರಿನ ಗಣಿಯಲ್ಲೋ ಗಂಗಾವತಿಯ ಅಕ್ಕಿ ಗಿರಣಿಯಲ್ಲೋ ಹತ್ತಿ ಜಿನ್ನಿಂಗಿನಲ್ಲೋ ದುಡಿದಿದ್ದರೆ ತಪ್ಪದೆ ಹೇಳಿ. ಸಂಜೆ ಜ್ವರ, ತೂಕ ಇಳಿತ, ಕಫದಲ್ಲಿ ರಕ್ತ ಇದ್ದರೆ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಮುಚ್ಚಿಡಬೇಡಿ. ಅವೆಲ್ಲ ಬೇರೆ ಕಾಯಿಲೆಯ ಸುಳಿವಾಗಿರಬಹುದು.

2024ರ ನವೆಂಬರಿನ ಬ್ರಿಟನ್ನಿನ ಆಸ್ತಮಾ ಮಾರ್ಗಸೂಚಿಯಂತೆ ದೊಡ್ಡವರಿಗೆ ಮೊದಲು ರಕ್ತದ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ಅಥವಾ ಫೀನೋ ಪರೀಕ್ಷೆ. ಫೀನೋ ಎಂದರೆ ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅಳತೆ. ಲಕ್ಷಣಗಳ ಜೊತೆ ಫೀನೋ ಅಂಕಿ 50 ಅಥವಾ ಹೆಚ್ಚಿದ್ದರೆ ಆಸ್ತಮಾ. 5ರಿಂದ 16 ವರ್ಷದವರಿಗೆ 35 ಅಥವಾ ಹೆಚ್ಚು. ಪಾಲಕ್, ಬೀಟ್‌ರೂಟ್ ತಿಂದು ಹೋದರೆ ಅಂಕಿ ಏರುತ್ತದೆ, ಬೀಡಿ-ಸಿಗರೇಟು ಇಳಿಸುತ್ತದೆ. ಸ್ಟಿರಾಯ್ಡ್ ಕೂಡ ಇಳಿಸುವುದರಿಂದ, ಊರಿಂದ ತಂದ ಸ್ಟಿರಾಯ್ಡ್ ಇರುವ ಪಂಪನ್ನು ಪರೀಕ್ಷೆಗೆ ಮುಂಚೆ ತಾವಾಗಿ ಶುರು ಮಾಡಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸಲೂ ಬೇಡಿ. ಹೆಸರು, ಡೋಸ್ ತೋರಿಸಿ. ಮೃಗಶಿರ ಮಳೆ ಕೂಡುವ ದಿನದ ಔಷಧಿ, ನಾಟಿ ಪುಡಿ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು.

ಇದರಲ್ಲಿ ತೀರ್ಮಾನವಾಗದಿದ್ದರೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರಿನ ಗಾಳಿ ಅಳೆಯುವ ಪರೀಕ್ಷೆ. ಊದಿಸಿ, ಉಸಿರುನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟು, ಸ್ವಲ್ಪ ಹೊತ್ತು ಕಾದು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ 12% ಹಾಗೂ 200 ಮಿಲಿಲೀಟರ್ ಹೆಚ್ಚಿದರೆ ಪುರಾವೆ ಸಿಕ್ಕಿತು. ತುಟಿ ಸಡಿಲ ಬಿಡುವುದು, ಉಸಿರು ಪೂರ್ತಿ ಖಾಲಿಯಾಗುವ ಮುಂಚೆ ನಿಲ್ಲಿಸುವುದು, ಈ ಎರಡರಿಂದ ಪರೀಕ್ಷೆ ಕೆಡುತ್ತದೆ. ಚೆನ್ನಾಗಿದ್ದ ದಿನ ಫಲಿತಾಂಶ ನಾರ್ಮಲ್ ಬಂದರೆ ಆಸ್ತಮಾ ಇಲ್ಲವೆಂದಲ್ಲ. ಸ್ಪೈರೋಮೆಟ್ರಿ ತಡವಾಗುವಂತಿದ್ದರೆ ಪೀಕ್ ಫ್ಲೋ ಮೀಟರ್ (ಊದಿದ ಗಾಳಿಯ ವೇಗ ಅಳೆಯುವ ಸಣ್ಣ ಸಾಧನ) ಕೇಳಿ: ಎರಡು ವಾರ, ಬೆಳಿಗ್ಗೆ-ಸಂಜೆ, ಪ್ರತಿಸಲ ಮೂರು ಬಾರಿ ಊದಿ ಹೆಚ್ಚಿನದನ್ನು ಬರೆಯಿರಿ. ಏರಿಳಿತ 20% ಅಥವಾ ಹೆಚ್ಚಿದ್ದರೆ ಆಸ್ತಮಾ. ಸುಳ್ಳು ಅಂಕಿ ತುಂಬಿದರೆ ತಪ್ಪು ಔಷಧಿ ನಿಮಗೇ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪರೀಕ್ಷೆಗಳು ನಡೆಯುವುದು ಕಷ್ಟ. 8ರಿಂದ 12 ವಾರ ಔಷಧಿ ಕೊಟ್ಟು ನೋಡುತ್ತಾರೆ.

ವೀಸಾಕ್ಕೆ ಆರೋಗ್ಯ ಸರ್‌ಚಾರ್ಜ್ ಕಟ್ಟಿದ್ದರೂ ಔಷಧಿಗೆ ಬೇರೆ ದುಡ್ಡು: 2025ರಲ್ಲಿ ಒಂದೊಂದಕ್ಕೆ 9.90 ಪೌಂಡ್. ಆಸ್ತಮಾಕ್ಕೆ ವಿನಾಯಿತಿ ಇಲ್ಲ. ವರ್ಷಕ್ಕೆ ಹನ್ನೆರಡು ಅಥವಾ ಹೆಚ್ಚು ಬೇಕಾಗುವಂತಿದ್ದರೆ 114.50 ಪೌಂಡಿನ ಪ್ರಿಪೇಮೆಂಟ್ ಸರ್ಟಿಫಿಕೇಟ್ (ವರ್ಷದ ಔಷಧಿಗೆ ಒಟ್ಟಿಗೆ ಮುಂಗಡ ಕಟ್ಟುವುದು) ಉಳಿತಾಯ. 16ರೊಳಗಿನವರಿಗೂ 60 ತುಂಬಿದವರಿಗೂ ಉಚಿತ.

ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಪರೀಕ್ಷೆಗೆ ಕಾಯಬೇಡಿ, ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ. ನೀಲಿ ಪಂಪ್ (ಸಾಲ್ಬುಟಮಾಲ್) ಇದ್ದರೆ ನೆಟ್ಟಗೆ ಕೂತು, ಅರ್ಧದಿಂದ ಒಂದು ನಿಮಿಷಕ್ಕೊಂದರಂತೆ ಹತ್ತು ಪಫ್‌ವರೆಗೆ ಎಳೆಯಿರಿ.