ಐದು ಲಕ್ಷ ಜಾಸ್ತಿ ಹೇಳಿದರೆ ಮನೆ ಮಾರಾಟವಾಗದೆ ಯಾಕೆ ನಿಲ್ಲುತ್ತದೆ

ಕಲಬುರಗಿಯಲ್ಲಿ ಮನೆ, ಸೈಟು ವ್ಯವಹಾರ ಮಾಡಿಸುವುದು ನನ್ನ ಕೆಲಸ. ಮಾರುವವರು ಬಂದರೆ ಎರಡು ಮಾತು ಕೇಳುತ್ತೇನೆ: ಎಷ್ಟು ಬೇಕು, ಯಾವಾಗ ಬೇಕು. ಎರಡಕ್ಕೂ ತಾಳೆ ಆಗೋದು ಕಡಿಮೆ.

ಸೇಡಂ ರಸ್ತೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರದು 30/40 ಸೈಟಿನ ಮನೆ. ಮಗಳ ಮದುವೆಗೆ ದುಡ್ಡು ಬೇಕಿತ್ತು. "ಬಾಜೂ ಮನಿಯವ್ರು 52 ಲಕ್ಷ ಹೇಳ್ಯಾರ್ರಿ, ನಮ್ದು ಅದಕ್ಕಿಂತ ಛಲೋ ಅದ" ಅಂದರು. ಬಾಜೂ ಮನೆಯವರು ಹೇಳಿದ್ದು ನಿಜ. ಮನೆ ಮಾತ್ರ ಇನ್ನೂ ಹೋಗಿರಲಿಲ್ಲ.

ನಾನು ಜಾಗದ ಲೆಕ್ಕ ಬೇರೆ, ಕಟ್ಟಡದ ಲೆಕ್ಕ ಬೇರೆ ಮಾಡುತ್ತೇನೆ. ಜಾಗಕ್ಕೆ ಅದೇ ಲೇಔಟಿನಲ್ಲಿ ಈಚೆಗೆ ಮಾರಿದವರನ್ನೂ ಕೊಂಡವರನ್ನೂ ಕೇಳುತ್ತೇನೆ. ಖರೀದಿ ಪತ್ರದಲ್ಲಿರುವ ಮೊತ್ತ ಎಷ್ಟೋ ಸಲ ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ) ಆಸುಪಾಸಿನದು, ಅದನ್ನು ನಂಬಿ ಕೂರೋಕಾಗಲ್ಲ. ಕಟ್ಟಡಕ್ಕೆ ವಯಸ್ಸು ನೋಡಿ ಕಳೆಯುತ್ತೇನೆ. ಮೇಷ್ಟ್ರ ಮನೆಗೆ ಶಹಾಬಾದ್ ಫರ್ಸಿ ಕಲ್ಲಿನ ನೆಲ. ಬೇಸಿಗೆಗೆ ತಂಪು, ನನಗಂತೂ ಇಷ್ಟ. ಆದರೆ ನೋಡಲು ಬಂದ ಹುಡುಗರು ನಿಂತಲ್ಲೇ ಟೈಲ್ಸ್ ಖರ್ಚು ಲೆಕ್ಕ ಹಾಕುತ್ತಾರೆ. ಎಲ್ಲ ಸೇರಿ 47 ಲಕ್ಷ ಬಂತು. ಸಾಲಕ್ಕೆ ಮನೆಯ ಬೆಲೆ ಕಟ್ಟುವ ಬ್ಯಾಂಕಿನ ಎಂಜಿನಿಯರ್ ಬರೆಯುವುದೂ ಹೆಚ್ಚುಕಡಿಮೆ ಅಷ್ಟೇ.

ಮೇಷ್ಟ್ರು ಒಪ್ಪಲಿಲ್ಲ. ಅವರದೇ ಡೈರಿಯ ಹಾಳೆಯಲ್ಲಿ ಬರೆದು ತೋರಿಸಿದೆ. ಈ ಬೆಲೆಯ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಸಾಲ ಕೊಡುತ್ತದೆ, ಅದೂ ತಾನು ಕಟ್ಟಿದ ಬೆಲೆಯ ಮೇಲೆ. 47ಕ್ಕೆ 37.6 ಲಕ್ಷ. ನೀವು 52 ಕೇಳಿದರೂ ಸಾಲ ಅಷ್ಟೇ. ಇನ್ನು ಮುದ್ರಾಂಕ ಶುಲ್ಕ ಶೇ 5. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ 1 ಇದ್ದದ್ದು 2 ಆಯಿತು. ಸೆಸ್ಸು ಬಿಟ್ಟರೂ, 47ಕ್ಕೆ ಕೊಳ್ಳುವವನ ಕೈಯಲ್ಲಿ ಸುಮಾರು 12.7 ಲಕ್ಷ ಇರಬೇಕು. 52ಕ್ಕಾದರೆ 18 ಲಕ್ಷ. ನೀವು ಏರಿಸಿದ ಐದು ಲಕ್ಷವಷ್ಟೂ ಅವನ ಜೇಬಿನಿಂದಲೇ ಬರಬೇಕಲ್ವಾ? ಹನ್ನೆರಡು-ಹದಿಮೂರು ಲಕ್ಷ ಕೂಡಿಟ್ಟ ನೌಕರರು ನಮ್ಮೂರಲ್ಲಿ ಸಿಗುತ್ತಾರೆ, ಹದಿನೆಂಟು ಇಟ್ಟುಕೊಂಡವರು ಹೊಸ ಮನೆಯನ್ನೇ ಹುಡುಕುತ್ತಾರೆ. 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ತಾಪತ್ರಯ ಬೇರೆ.

ತೀರಾ ಕಡಿಮೆ ಹೇಳಿದರೂ ಮನೆ ನಿಲ್ಲುತ್ತದೆ. "ಕಾಗದಪತ್ರ ಸರಿ ಇಲ್ಲೇನೋ, ಅಣ್ಣತಮ್ಮಂದಿರ ಸಹಿ ಬಿದ್ದಿಲ್ಲೇನೋ" ಅಂತ ಜನ ಹಿಂದೆ ಸರಿಯುತ್ತಾರೆ. ಅದಕ್ಕೇ ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ದಾಖಲೆ), ಋಣಭಾರ ಪತ್ರ (ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವುದು) ಕೈಗೆ ಬರುವವರೆಗೆ ನಾನು ಮನೆ ತೋರಿಸೋದೇ ಇಲ್ಲ.

ಕೊನೆಗೆ 49 ಹೇಳುವುದು, 47ರ ಹತ್ತಿರ ಬಿಡುವುದು ಅಂತಾಯಿತು. ಮೊದಲ ಮೂರ್ನಾಲ್ಕು ವಾರ ಬರುವವರೇ ನಿಜವಾದ ಗಿರಾಕಿಗಳು. ಆಮೇಲೆ "ಅದಿನ್ನೂ ಹೋಗಿಲ್ವಾ, ಏನೋ ಐಬಿರಬೇಕು" ಅನ್ನುವ ಮಾತು ಶುರುವಾಗುತ್ತದೆ. ಆಗ ಐವತ್ತು ಸಾವಿರ, ಐವತ್ತು ಸಾವಿರ ಅಂತ ಇಳಿಸುತ್ತಾ ಹೋದರೆ ಗಿರಾಕಿ ಇನ್ನೂ ಇಳಿಯಲಿ ಅಂತ ಕಾಯುತ್ತಾನೆ. ಇಳಿಸುವುದಾದರೆ ಒಂದೇ ಸಲ ಇಳಿಸಬೇಕು.

ಆಷಾಢದಲ್ಲಿ ಮಾತ್ರ ಯಾವ ರೇಟಿಗೂ ಮುಂಗಡ ಬರಲ್ಲ. ತೊಗರಿ ರಾಶಿಯಾಗಿ ದುಡ್ಡು ಕೈಗೆ ಬಂದ ಮೇಲೆ ಹಳ್ಳಿ ಕಡೆಯವರು ಬರುತ್ತಾರೆ, ಅವರಿಗೆ ಸಾಲದ ಗೋಜು ಕಡಿಮೆ. ಮೇಷ್ಟ್ರ ಮನೆ ಕೊಂಡದ್ದೂ ಜೇವರ್ಗಿ ಕಡೆಯ ರೈತರೇ, 47.5ಕ್ಕೆ. ಫರ್ಸಿ ನೆಲ ಹಾಗೇ ಇರಲಿ ಅಂದರಂತೆ.