ರೀಲು ಬದಲಿಸುವ ಚುಕ್ಕೆ

ಭಾರತದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರ ‘ರಾಜಾ ಹರಿಶ್ಚಂದ್ರ’ ಮುಂಬೈಯಲ್ಲಿ ತೆರೆಕಂಡದ್ದು 1913ರ ಮೇ 3ರಂದು. ಸರಿಯಾಗಿ ನೂರು ವರ್ಷಕ್ಕೆ, ಅದೇ ದಿನ, ಹಿಂದಿಯ ‘ಬಾಂಬೆ ಟಾಕೀಸ್’ ಬಂತು: ನಾಲ್ವರು ನಿರ್ದೇಶಕರು, ನಾಲ್ಕು ಕಿರುಚಿತ್ರಗಳು, ಎಲ್ಲವೂ ಸಿನಿಮಾದ ಹುಚ್ಚಿನ ಸುತ್ತ. ನೋಡಿ ಬಂದ ರಾತ್ರಿಯೇ ನಾವು ನಾಲ್ವರು ಗೆಳೆಯರು ಕನ್ನಡದಲ್ಲೂ ಅಂಥದ್ದೊಂದು ಮಾಡಲೇಬೇಕೆಂದು ಕೂತೆವು. ಕಥೆಗಳನ್ನು ಪೋಣಿಸುವುದು ನಮಗೇನು ಹೊಸದಲ್ಲ. ಪುಟ್ಟಣ್ಣ ಕಣಗಾಲ್ 1976ರಲ್ಲೇ ‘ಕಥಾಸಂಗಮ’ದಲ್ಲಿ ಮೂರು ಕಥೆಗಳನ್ನು ಒಂದೇ ಟಿಕೆಟ್ಟಿಗೆ ತೋರಿಸಿದ್ದರು.

ಕರಾರು ಒಂದೇ: ಹಳೆ ಸಿನಿಮಾದ ತುಣುಕಾಗಲಿ ಹಾಡಾಗಲಿ ಬಳಸಕೂಡದು. ಹಕ್ಕು ಕೊಳ್ಳಲು ದುಡ್ಡಿರಲಿಲ್ಲ, ನಿಜ. ಆದರೆ ಸಿನಿಮಾದ ಹಬ್ಬ ಮಾಡುವುದೆಂದರೆ ಅದನ್ನು ನೋಡಿದವರ, ತೋರಿಸಿದವರ ಹಬ್ಬ ಮಾಡುವುದು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಉಳಿದ ಮೂವರು ಟೆಂಟಿನ ಗೇಟ್ ಕೀಪರು, ಪೋಸ್ಟರ್ ಅಂಟಿಸುವ ಹುಡುಗ, ನೆಲದ ಟಿಕೆಟ್ಟಿಗೆಂದು ಸೊಪ್ಪು ಮಾರಿದ ಅಜ್ಜಿ ಇವರ ಕಥೆ ಹಿಡಿದರು. ನನ್ನ ಪಾಲಿಗೆ ಬಂದದ್ದು ಪ್ರೊಜೆಕ್ಟರ್ ಆಪರೇಟರ್.

ತಿಪಟೂರಿನ ಕಡೆ ಬಾಗಿಲು ಮುಚ್ಚಿದ್ದ ಒಂದು ಥಿಯೇಟರಿನಲ್ಲಿ ಕಾರ್ಬನ್ ಪ್ರೊಜೆಕ್ಟರುಗಳೆರಡು ಇನ್ನೂ ಇದ್ದವು. ಅಲ್ಲೇ ಆಪರೇಟರಾಗಿ ದುಡಿದಿದ್ದ ಯಜಮಾನರನ್ನು ಕರೆಸಿದೆವು. ತಾಮ್ರ ಲೇಪಿಸಿದ ಎರಡು ಕಾರ್ಬನ್ ಕಡ್ಡಿಗಳನ್ನು ತುದಿಗೆ ತುದಿ ತಾಗಿಸಿ, ಕೂದಲೆಳೆಯಷ್ಟು ಹಿಂದಕ್ಕೆಳೆದರು. ಬೆಳಕು ಹೊತ್ತಿಕೊಂಡಿತು. ಕಡ್ಡಿ ಉರಿದು ಸವೆದಂತೆ ನಡುವಿನ ಅಂತರ ಹೆಚ್ಚುತ್ತದೆ, ಬೆಳಕು ತೊನೆಯುತ್ತದೆ. ಅವರು ಕಪ್ಪು ಗಾಜಿನ ಕಿಂಡಿಯತ್ತ ಒಮ್ಮೆ ಕಣ್ಣು ಹಾಯಿಸಿ ಹಿಡಿಕೆ ತಿರುವುತ್ತಿದ್ದರು. ರೀಲು ಮುಗಿಯುತ್ತಾ ಬಂದದ್ದನ್ನು ಮಾತ್ರ ನೋಡಿ ತಿಳಿಯುತ್ತಿರಲಿಲ್ಲ. “ಸದ್ದು ಸಣ್ಣಗಾಗುತ್ತೆ, ಕೇಳಿಸ್ಕೊಳಪ್ಪಾ” ಅಂದರು. ಆ ಬೆರಳುಗಳ ಮೇಲೆಯೇ ಒಂದು ಇಡೀ ದಿನ ಕ್ಯಾಮೆರಾ ಇಟ್ಟೆ.

ತೊಂದರೆ ಬಂದದ್ದು ಪರದೆಯನ್ನು ಶೂಟ್ ಮಾಡುವಾಗ. ಪ್ರೊಜೆಕ್ಟರ್ ಓಡುವುದು ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿಚಿತ್ರ; ನನ್ನ ಕ್ಯಾಮೆರಾ ಇದ್ದದ್ದು 25ರಲ್ಲಿ. ಪರದೆ ಉಸಿರಾಡಿದಂತೆ ಮತ್ತೆ ಮತ್ತೆ ಬೆಳಗಿ ಮಸುಕಾಗುತ್ತಿತ್ತು. ಕ್ಯಾಮೆರಾವನ್ನೂ 24ಕ್ಕೆ ತಂದಾಗ ಮಿಡಿತ ನಿಧಾನವಾಯಿತೇ ಹೊರತು ಹೋಗಲಿಲ್ಲ. ಹಾಗಾದರೆ ಪರದೆಯೇ ಬೇಡ ಎಂದು ಕ್ಯಾಮೆರಾವನ್ನು ಪ್ರೇಕ್ಷಕರ ಕಡೆ ತಿರುಗಿಸಿದೆ. ಥರ್ಮಾಕೋಲ್ ಹಾಳೆಯ ಮೇಲೆ ಬೆಳಕು ಬಿಟ್ಟು, ಅದರ ಮುಂದೆ ಕೈಯಾಡಿಸುತ್ತಾ ಮುಖಗಳ ಮೇಲೆ ಬಿಸಿಲು ನೆರಳು ಓಡಿಸಿದೆವು. ನನ್ನ ಹನ್ನೊಂದು ನಿಮಿಷದ ಚಿತ್ರದಲ್ಲಿ ನನಗೆ ಅತಿ ಪ್ರೀತಿಯ ಭಾಗ ಇದೇ.

ನಾಲ್ಕನ್ನೂ ಜೋಡಿಸುವ ಕೆಲಸ ಶೂಟಿಂಗಿಗಿಂತ ಕಷ್ಟವಾಯಿತು. ಒಬ್ಬೊಬ್ಬರ ಚಿತ್ರದ ಸೌಂಡ್ ಒಂದೊಂದು ಮಟ್ಟದಲ್ಲಿತ್ತು. ಪ್ರತಿ ಕಥೆಯ ಕೊನೆಗೂ ಟೈಟಲ್ ಓಡುವಾಗ ಜನ ಎದ್ದು ಹೊರಗೆ ಹೋಗುವ ಭಯ. ಟೈಟಲ್‌ಗಳನ್ನೆಲ್ಲ ಕೊನೆಗೆ ತಳ್ಳಿದೆವು. ಅಜ್ಜಿಯ ಕಥೆ ಮೌನದ್ದು. ಅದನ್ನು ಮೊದಲಿಗಿಟ್ಟರೆ ಜನ ಕೂರುವುದಿಲ್ಲ, ಕೊನೆಗಿಟ್ಟರೆ ದಣಿದಿರುತ್ತಾರೆ ಎಂದು ಮೂರನೆಯದಾಗಿಸಿದೆವು.

ಬೆಸುಗೆಗೆ ದಾರಿ ತೋರಿಸಿದವರೂ ಯಜಮಾನರೇ. ಒಂದು ಸಿನಿಮಾ ಹಲವು ರೀಲುಗಳಲ್ಲಿರುತ್ತದೆ; ಒಂದು ರೀಲಿನ ಕೊನೆಯಲ್ಲಿ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಪ್ರೊಜೆಕ್ಟರಿನ ಮೋಟಾರು ಹಾಕಬೇಕು. ಸುಮಾರು ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಬೆಳಕನ್ನು ಮೊದಲ ಪ್ರೊಜೆಕ್ಟರಿನಿಂದ ಎರಡನೆಯದಕ್ಕೆ ಬದಲಿಸಬೇಕು. ನೋಡುವವರಿಗೆ ಗೊತ್ತೇ ಆಗಬಾರದು. ನಮ್ಮ ಪ್ರತಿ ಕಥೆಯ ಕೊನೆಗೂ ಆ ಎರಡು ಚುಕ್ಕೆಗಳನ್ನಿಟ್ಟೆವು, ಕೆಳಗೆ ಪ್ರೊಜೆಕ್ಟರಿನ ಸದ್ದನ್ನು ಒಂದು ಕಥೆಯಿಂದ ಇನ್ನೊಂದಕ್ಕೆ ಹರಿಸಿದೆವು.

ಮೊದಲ ಪ್ರದರ್ಶನಕ್ಕೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ ನನ್ನ ಕೈ ಹಿಡಿದು, “ಎಲ್ಲಾ ಚೆನ್ನಾಗೈತೆ. ಎರಡನೇ ಕಥೇಲಿ ಕೊನೇ ಚುಕ್ಕೆ ತಡವಾಗಿ ಬಿತ್ತು ಕಣಪ್ಪಾ” ಅಂದರು.

ಮನೆಗೆ ಬಂದು ಎಡಿಟಿಂಗಿನ ಟೈಮ್‌ಲೈನ್ ತೆರೆದು ಎಣಿಸಿದೆ. ಹನ್ನೆರಡು ಫ್ರೇಮು ತಡವಾಗಿತ್ತು. ಮಲಗುವ ಮುಂಚೆ ಸರಿಮಾಡಿದೆ.