ಟ್ಯಾಬ್ ಮುಚ್ಚಿದ ಮೇಲೆ ಮುಂದೇನು?

ಬ್ರೌಸರ್ ವಿನ್ಯಾಸಕ್ಕೆ ಕೈಹಾಕಿದವರು ಟ್ಯಾಬಿನ ಬಣ್ಣ, ಆಕಾರಗಳನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲು ಬೆಂಗಳೂರಿನ ಯಾವುದಾದರೂ ಸೈಬರ್ ಸೆಂಟರಿನಲ್ಲಿ ಸ್ವಲ್ಪ ಹೊತ್ತು ಕುಳಿತು ನೋಡಿ. ಒಂದು ಟ್ಯಾಬಿನಲ್ಲಿ ಸೇವಾಸಿಂಧು ಅರ್ಜಿ, ಪಕ್ಕದಲ್ಲಿ ಪಹಣಿ, ಅದರಾಚೆ ಗಿರಾಕಿಯ ಇಮೇಲ್. ಸರದಿಯಲ್ಲಿ ಜನ ಕಾಯುತ್ತಿರುವಾಗ ಅರ್ಜಿ ಯಾವ ಟ್ಯಾಬಿನಲ್ಲಿತ್ತು ಎಂದು ಹುಡುಕುವಂತಾದರೆ ಅದು ಬಳಸುವವರ ತಪ್ಪಲ್ಲ, ವಿನ್ಯಾಸದ್ದು.

ಮೊದಲ ಹೆಜ್ಜೆ, ಹೊಸ ಟ್ಯಾಬಿನ ಜಾಗ. ಕೊಂಡಿ ಒತ್ತಿ ತೆರೆದದ್ದು ಮೂಲ ಪುಟದ ಬಲಕ್ಕೇ ಬರಲಿ. ಅದೇ ಪುಟದ ಎರಡನೆಯ ಕೊಂಡಿ, ಮೊದಲನೆಯದರ ಬಲಕ್ಕೆ. ಕೂಡಿಸುವ ಚಿಹ್ನೆ ಒತ್ತಿ ತೆರೆದದ್ದು ಸಾಲಿನ ತುದಿಗೆ ಹೋಗಲಿ.

ಮುಚ್ಚುವುದು ಇದಕ್ಕಿಂತ ಸೂಕ್ಷ್ಮ. ಕೊಂಡಿಯಿಂದ ತೆರೆದ ಟ್ಯಾಬನ್ನು ಓದಿ ಕೂಡಲೇ ಮುಚ್ಚಿದರೆ ಮೂಲ ಪುಟಕ್ಕೆ ಮರಳಿಸಿ. ನಡುವೆ ಬೇರೆ ಟ್ಯಾಬುಗಳಿಗೆ ಹೋಗಿ ಬಂದಿದ್ದರೆ ಆ ನಂಟನ್ನು ಬಿಟ್ಟು ಪಕ್ಕದ ಟ್ಯಾಬನ್ನೇ ತೋರಿಸಿ. ಇನ್ನು ಮೌಸಿನಿಂದ ಒಂದರ ಹಿಂದೊಂದು ಮುಚ್ಚುವವರನ್ನು ಗಮನಿಸಿ. ಪ್ರತಿ ಸಲವೂ ಉಳಿದ ಟ್ಯಾಬುಗಳು ಅಗಲವಾದರೆ ಮುಚ್ಚುವ ಗುರುತು ಬಾಣದ ಕೆಳಗಿಂದ ಜಾರುತ್ತದೆ, ಬೇಡದ್ದಕ್ಕೆ ಬೆರಳು ಬೀಳುತ್ತದೆ. ಕ್ರೋಮ್ ಇದಕ್ಕೆ ಸೊಗಸಾದ ದಾರಿ ಹಿಡಿದಿದೆ: ಬಾಣ ಟ್ಯಾಬುಗಳ ಸಾಲನ್ನು ಬಿಟ್ಟು ಸರಿಯುವವರೆಗೆ ಅಗಲ ಹಿಗ್ಗುವುದಿಲ್ಲ. ಮುಂದಿನ ಟ್ಯಾಬಿನ ಗುರುತು ತಾನಾಗಿ ಬಾಣದಡಿಗೆ ಬರುತ್ತದೆ, ಕೈ ಕದಲಿಸಬೇಕಾಗಿಲ್ಲ. ಇಂಥದನ್ನು ಯಾರೂ ಹೊಗಳುವುದಿಲ್ಲ. ಇಲ್ಲದಿದ್ದರೆ ಮಾತ್ರ ಎಲ್ಲರಿಗೂ ಕಿರಿಕಿರಿ.

ಟ್ಯಾಬುಗಳು ಹೆಚ್ಚಾದಾಗ ಕುಗ್ಗಿಸುತ್ತ ಹೋಗುವುದು ಒಂದು ಪದ್ಧತಿ. ಫೈರ್‌ಫಾಕ್ಸ್ ಒಂದು ಅಳತೆಯವರೆಗೆ ಕುಗ್ಗಿಸಿ, ಆಮೇಲೆ ಸಾಲನ್ನು ಪಕ್ಕಕ್ಕೆ ಸರಿಸಲು ಬಿಡುತ್ತದೆ. ಕನ್ನಡ ಓದುಗರಿಗೆ ಎರಡನೆಯದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಅಕ್ಷರಗಳು ಅಗಲ. ಟ್ಯಾಬ್ ಕಿರಿದಾದರೆ ಶೀರ್ಷಿಕೆಯಲ್ಲಿ ಏನೂ ಉಳಿಯುವುದಿಲ್ಲ. ಯೂನಿಕೋಡ್ ಸಂಕೇತಗಳನ್ನು (ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆ ‘್’ ಒಂದೊಂದಕ್ಕೂ ಕಂಪ್ಯೂಟರಿನಲ್ಲಿ ಇರುವ ಬೇರೆ ಬೇರೆ ಸಂಖ್ಯೆಗಳನ್ನು) ಎಣಿಸಿ ಕತ್ತರಿಸಿದರಂತೂ ‘ವಿದ್ಯಾರ್ಥಿ’ ನಾಲ್ಕನೆಯ ಸಂಕೇತದಲ್ಲಿ ತುಂಡಾಗಿ ‘ವಿದ್’ ಆಗುತ್ತದೆ. ಒತ್ತಕ್ಷರವೂ ಸೇರಿದಂತೆ ಇಡೀ ಅಕ್ಷರವನ್ನೇ ಘಟಕವಾಗಿ ಹಿಡಿಯಿರಿ. ಒತ್ತು ಕೆಳಗಿಳಿಯುವುದರಿಂದ ಟ್ಯಾಬಿನ ಎತ್ತರದಲ್ಲೂ ಅದಕ್ಕೆ ಜಾಗವಿರಲಿ. ‘ಕ್ಷೇತ್ರ’, ‘ರಾಷ್ಟ್ರೀಯ’ ಎಂದು ಬರೆದು ನೋಡಿದರೆ ಸಾಲುವುದೋ ಇಲ್ಲವೋ ತಿಳಿಯುತ್ತದೆ.

ಕೈತಪ್ಪಿ ಮುಚ್ಚಿದ್ದನ್ನು ಮತ್ತೆ ತೆರೆಯುವ ಸೌಲಭ್ಯ ಇರಲೇಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಟಿ ಒಟ್ಟಿಗೆ ಒತ್ತುವುದು ರೂಢಿ. ಪುಟವೊಂದೇ ಬಂದರೆ ಸಾಲದು. ಸಾಲಿನಲ್ಲಿ ಅದಿದ್ದ ಸ್ಥಾನ, ಹಿಂದಿನ ಪುಟಗಳ ಜಾಡು ಎರಡೂ ಮರಳಬೇಕು.

ಕೀಬೋರ್ಡಿನಲ್ಲೇ ಕೆಲಸ ಮಾಡುವವರಿಗೆ ಕಂಟ್ರೋಲ್ ಜೊತೆ 1ರಿಂದ 8 ಒತ್ತಿದರೆ ಆ ಕ್ರಮಾಂಕದ ಟ್ಯಾಬ್, 9 ಒತ್ತಿದರೆ ಎಷ್ಟೇ ಟ್ಯಾಬುಗಳಿರಲಿ ಕೊನೆಯದು. ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಹೀಗೇ ಇರುವುದರಿಂದ ನಿಮ್ಮ ಬ್ರೌಸರಿನಲ್ಲಿ ಬೇರೆ ಕ್ರಮ ಹೂಡಬೇಡಿ.